ತಂಬಿಗೆ ನೀರಿನ ಬೆಳೆ

ಚೈತ್ರ ವೈಶಾಖಗಳ ಬಿಸಿಲಿಗೆ ಕೂಡ್ಲಿಗಿಯ ಬಂಡೆಗುಡ್ಡಗಳು ಕಾದು ನಿಲ್ಲುವ ದಿನಗಳಲ್ಲಿ, ಮಳೆಯನ್ನೇ ನಂಬಿದ ಮನೆಗಳ ಹಿತ್ತಿಲಲ್ಲಿ ಸೊಪ್ಪಿನ ಮಡಿ ಉಳಿಯುವುದಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಣಭೂಮಿಯ ಹಳ್ಳಿಗಳ ಪಾಡೂ ಇದೇ. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವಾಗ ತರಕಾರಿಗೆ ನೀರುಣಿಸುವ ಮಾತೆಲ್ಲಿ? ಮಲೆನಾಡಿನಲ್ಲಿ ಇದೇ ಕೊರತೆ ಆಷಾಢದ ಜಡಿಮಳೆಯಲ್ಲಿ ಎದುರಾಗುತ್ತದೆ. ಅಲ್ಲಿ ಹಿತ್ತಿಲ ಗಿಡ ಕೊಳೆಯುತ್ತದೆ, ಇಲ್ಲಿ ಒಣಗುತ್ತದೆ. ಎರಡಕ್ಕೂ ಒಂದು ಪರಿಹಾರ ಮನೆಯೊಳಗಿನ ಕಾಳಿನ ಗಡಿಗೆಯಲ್ಲೇ ಇದೆ. ಅದು ಮೊಳಕೆ.

ಮೊಳಕೆ ಈ ನೆಲಕ್ಕೆ ಹೊಸದಲ್ಲ. ಜೋಳದ ರೊಟ್ಟಿಯ ಜೊತೆ ಮಡಿಕೆ ಕಾಳಿನ ಪಲ್ಯ, ಮೊಳೆತ ಹುರುಳಿಯ ಕಟ್ಟಿನ ಸಾರು ಹಳೆಯ ಅಡುಗೆಗಳೇ. ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಲಂಬಾಣಿ ಹೆಣ್ಣುಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಗೋಧಿ ಬಿತ್ತಿ, ದಿನವೂ ನೀರೆರೆದು ಸಸಿ ಬೆಳೆಸುತ್ತಾರೆ. ಬಿತ್ತನೆಗೆ ಮುನ್ನ ನೂರು ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಮೊಳೆತವೆಷ್ಟೆಂದು ಎಣಿಸುವ ರೈತನಿಗೂ ಇದರ ಮರ್ಮ ಗೊತ್ತು.

ಒಣಗಿದ ಕಾಳಿನಲ್ಲಿ ‘ಸಿ’ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ನೀರು ಕುಡಿದು ಮೊಳಕೆಯೊಡೆಯುವಾಗ ಕಾಳು ಅದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಕಬ್ಬಿಣದ ಅಂಶವನ್ನು ದೇಹಕ್ಕೆ ದಕ್ಕದಂತೆ ತಡೆಯುವ ಫೈಟಿಕ್ ಆಮ್ಲ ತಗ್ಗುತ್ತದೆ, ಹೊಟ್ಟೆಯುಬ್ಬರ ತರುವ ಸಕ್ಕರೆಗಳೂ ಕರಗುತ್ತವೆ. ರಕ್ತಹೀನತೆಯಿಂದ ಬಳಲುವ ತಾಯಂದಿರಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಮೊಳಕೆ ಕಾಳಿನ ಈ ಗುಣವನ್ನು ಪ್ರಯೋಗಗಳಿಂದ ತೋರಿಸಿದರು. 1940ರ ಸುಮಾರಿನ ಬರಗಾಲದಲ್ಲಿ ಅಂದಿನ ಪಂಜಾಬಿನ ಹಿಸಾರ್ ಜಿಲ್ಲೆಯಲ್ಲಿ, ವಸಡು ಊದಿ ರಕ್ತ ಒಸರುವ ಸ್ಕರ್ವಿ ರೋಗ ಹರಡಿದಾಗ ಮೊಳಕೆ ಕಡಲೆಯನ್ನೇ ಮದ್ದಾಗಿ ಬಳಸಲಾಯಿತು. ಬರದ ಸೀಮೆಗೆ ಬರದ ಸೀಮೆಯೇ ಕಲಿಸಿದ ಪಾಠವಿದು.

ವಿಧಾನ ಸರಳ. ಹೆಸರು, ಮಡಿಕೆ, ಕಡಲೆ ಅಥವಾ ಹುರುಳಿಯನ್ನು ಆರಿಸಿ, ತೊಳೆದು, ಸಂಜೆ ಶುದ್ಧ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಮತ್ತೊಮ್ಮೆ ತೊಳೆದು, ತೆಳುವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೆರಳಿನಲ್ಲಿ ತೂಗುಹಾಕಬೇಕು. ಬಟ್ಟೆ ಆರದಂತೆ ಆಗಾಗ ನೀರು ಚಿಮುಕಿಸಿದರೆ ಸಾಕು. ಬೇಸಿಗೆಯಲ್ಲಿ ಹೆಸರು, ಮಡಿಕೆ ಮರುದಿನವೇ ಬಾಲ ಚಾಚುತ್ತವೆ. ಕಡಲೆ, ಹುರುಳಿಗೆ ಇನ್ನೊಂದು ದಿನ ಬೇಕು. ಬಸಿದ ನೀರು ಗಿಡದ ಬುಡಕ್ಕೆ. ಇದಕ್ಕೆ ಒಲೆ ಬೇಡ, ಹೊಲ ಬೇಡ. ಗುಳೆ ಹೋದ ಕುಟುಂಬವೂ ಗುಡಿಸಲಿನ ಗೂಟಕ್ಕೆ ಈ ಗಂಟನ್ನು ತೂಗುಹಾಕಬಹುದು.

ಆದರೆ ಎಚ್ಚರ ತಪ್ಪಬಾರದು. ಬಿತ್ತನೆಗೆಂದು ಮಾರುವ, ಬಣ್ಣ ಹಚ್ಚಿದ ಬೀಜಕ್ಕೆ ವಿಷ ಲೇಪಿಸಿರುತ್ತಾರೆ. ಅದನ್ನು ಎಷ್ಟು ತೊಳೆದರೂ ತಿನ್ನುವಂತಿಲ್ಲ. ಜೋಳವನ್ನು ಹಸಿ ಮೊಳಕೆಯಾಗಿ ತಿನ್ನಲೇಬಾರದು. ಎಳೆಯ ಜೋಳದ ಪೈರು ಮೇಯ್ದ ದನ ಯಾವ ಸಯನೈಡ್ ವಿಷದಿಂದ ಸಾಯುತ್ತದೆಯೋ ಅದೇ ವಿಷ ಜೋಳದ ಮೊಳಕೆಯಲ್ಲೂ ಹುಟ್ಟುತ್ತದೆ. ಮೊಳಕೆ ಬೆಳೆಯುವ ಬೆಚ್ಚಗಿನ ತೇವ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಸೋಂಕಿಗೆ 50 ಕ್ಕೂ ಹೆಚ್ಚು ಜನ ಬಲಿಯಾದರು. ಲೋಳೆಯಾದ, ವಾಸನೆ ಬಂದ ಕಾಳನ್ನು ಎಸೆಯಬೇಕು. ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಚೆನ್ನಾಗಿ ಬೇಯಿಸಿಯೇ ಕೊಡುವುದು ಕ್ಷೇಮ. ಬೇಯಿಸಿದಾಗ ‘ಸಿ’ ಜೀವಸತ್ವದ ಒಂದು ಪಾಲು ನಷ್ಟವಾಗುವುದು ನಿಜ. ಉಣ್ಣುವಾಗ ಹಿಂಡುವ ನಿಂಬೆಹುಳಿ ಅದನ್ನು ತುಂಬಿಕೊಡುತ್ತದೆ.

ಇಷ್ಟೆಲ್ಲ ಸರಿ, ಕಾಳೆಲ್ಲಿಂದ ಬರಬೇಕು? ಪ್ರಶ್ನೆ ಅಡುಗೆಮನೆಯಿಂದ ಹೊಲಕ್ಕೆ ನಡೆಯುವುದು ಇಲ್ಲಿಯೇ. ಜೋಳ, ಸಜ್ಜೆ, ನವಣೆಗಳ ನಡುವೆ ಹೆಸರು, ಹುರುಳಿ, ಮಡಿಕೆ, ಅಲಸಂದೆ, ತೊಗರಿಗಳು ಅಕ್ಕಡಿ ಸಾಲುಗಳಾಗಿ ಬೆಳೆಯುತ್ತಿದ್ದ ನೆಲವಿದು. ಇತ್ತೀಚಿನ ದಶಕಗಳಲ್ಲಿ ಹರಪನಹಳ್ಳಿಯ ಸುತ್ತಮುತ್ತ ಮೆಕ್ಕೆಜೋಳವೊಂದೇ ಹೊಲ ತುಂಬಿದೆ. ಅದು ಕೈಗೆ ಕಾಸು ತಂದಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೆಕ್ಕೆಜೋಳದ ಬಹುಪಾಲು ಸೇರುವುದು ಕೋಳಿ, ಪಶು ಆಹಾರದ ಕಾರ್ಖಾನೆಗಳನ್ನು. ಅದನ್ನು ಬೆಳೆದ ಮನೆ ಒಂದು ಪಾವು ಹೆಸರಿಗೂ ಅಂಗಡಿಯ ಮುಂದೆ ನಿಲ್ಲುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತಿದ್ದ ದ್ವಿದಳ ಬೆಳೆ ಮರೆಯಾದಂತೆ ಗೊಬ್ಬರದ ಚೀಲದ ಸಾಲವೂ ಹೆಗಲೇರುತ್ತದೆ.

2021ರಲ್ಲಿ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿ ಒಂದುಗೂಡಿದವು. ಜಿಲ್ಲೆ ಹೊಸದಾದರೂ ಹಸಿವು ಹಳೆಯದು. ಯೋಜನೆಗಳಿಗಾಗಿ ಕಾಯುವುದರ ಜೊತೆಗೆ ಪ್ರತಿ ರೈತಕುಟುಂಬ ಬರುವ ಮುಂಗಾರಿನಲ್ಲಿ ನಾಲ್ಕು ಸಾಲು ಕಾಳನ್ನು ಮನೆಗೆಂದೇ ಬಿತ್ತಲಿ. ಬೂದಿ, ಬೇವಿನೆಲೆ ಬೆರೆಸಿ ಗಡಿಗೆ ತುಂಬಿಡಲಿ. ಶಾಲೆಯ ಮಕ್ಕಳು ವಿಜ್ಞಾನದ ಪಾಠವನ್ನು ಒದ್ದೆ ಬಟ್ಟೆಯ ಗಂಟಿನಲ್ಲೇ ಕಲಿಯಲಿ. ಹೊಲದಲ್ಲಿ ಕಾಳಿನ ಸಾಲು ಉಳಿದರೆ ಮಾತ್ರ ಬೇಸಿಗೆಯ ತಾಟಿನಲ್ಲಿ ಮೊಳಕೆ ಉಳಿದೀತು.