ದಾನಿಯ ಹೆಸರು, ಬೊಕ್ಕಸದ ಹಣ

ದಾನಕ್ಕೆ ತೆರಿಗೆ ರಿಯಾಯಿತಿ ಎಂಬುದು ವರ್ತಕ ಬಾಂಧವರಿಗೆ ಹೊಸ ವಿಷಯವೇನಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ರಸೀದಿಗಳನ್ನು ನಮ್ಮಲ್ಲಿ ಅನೇಕರು ಜೋಪಾನವಾಗಿ ಕಡತದಲ್ಲಿಟ್ಟವರೇ. ಆದರೆ ಗರ್ಭಿಣಿಯರಿಗೆ ನೆರವು ನೀಡುವ ಸಂಸ್ಥೆಗಳ ದೇಣಿಗೆಗೆ ಅಮೆರಿಕದ ಕೆಲವು ರಾಜ್ಯಗಳು ಕಲ್ಪಿಸಿದ ಸೌಲಭ್ಯ ಬೇರೆಯೇ ಬಗೆಯದು. ತೆರಿಗೆಯ ಮೂಲಕ ದಾನವನ್ನು ಪ್ರೋತ್ಸಾಹಿಸುವುದು ಎಲ್ಲಿಯವರೆಗೆ ಸರಿ ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. 80ಜಿ ಕಲಮಿನ ಶೇ. 50ರ ವರ್ಗದಲ್ಲಿ 1,00,000 ರೂ. ದಾನ ನೀಡಿದರೆ, ಅರ್ಹ ಮಿತಿಗೊಳಪಟ್ಟು, ಆದಾಯದಿಂದ 50,000 ರೂ. ಕಳೆಯುತ್ತಿತ್ತು. ಶೇ. 30ರ ದರದಲ್ಲಿ ತೆರಿಗೆ ತೆರುವವನಿಗೆ ಉಳಿಯುತ್ತಿದ್ದುದು, ಸೆಸ್ ಹೊರತುಪಡಿಸಿ, 15,000 ರೂ. ಮಾತ್ರ. ಟ್ಯಾಕ್ಸ್ ಕ್ರೆಡಿಟ್ ಎಂದರೆ ಹಾಗಲ್ಲ. ಅದು ತೆರಿಗೆಯ ಮೊತ್ತದಲ್ಲಿಯೇ ನೇರವಾಗಿ ವಜಾ. ಮಿಸೌರಿ ರಾಜ್ಯದ 2019ರ ಶಾಸನವು ಈ ವಜಾವನ್ನು 2021ರಿಂದ ದೇಣಿಗೆಯ ಶೇ. 50ರಿಂದ ಶೇ. 70ಕ್ಕೆ ಏರಿಸಿತು. ಆ ದರದಲ್ಲಿ 1,000 ಡಾಲರ್ ಕೊಟ್ಟವನಿಗೆ 700 ಡಾಲರ್ ತೆರಿಗೆ ಉಳಿಯುತ್ತದೆ. ಅವನ ಕಿಸೆಯಿಂದ ಹೋಗುವುದು 300 ಡಾಲರ್. ಮಿಕ್ಕದ್ದನ್ನು ಭರಿಸುವುದು ರಾಜ್ಯದ ಬೊಕ್ಕಸ. ಪ್ರಶಸ್ತಿಫಲಕದಲ್ಲಿ ಮಾತ್ರ ದಾನಿಯ ಹೆಸರೊಂದೇ ಇರುತ್ತದೆ!

ಈ ಸಂಸ್ಥೆಗಳಲ್ಲಿ ಹಲವು ಉಚಿತ ಗರ್ಭಪರೀಕ್ಷೆ, ಶಿಶುವಿನ ಬಟ್ಟೆಬರೆ, ಆಪ್ತಸಲಹೆಗಳನ್ನು ಒದಗಿಸುತ್ತವೆ. ಬಡ ತಾಯಂದಿರಿಗೆ ಇದು ಸಣ್ಣ ನೆರವಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಗರ್ಭಪಾತವನ್ನು ವಿರೋಧಿಸುತ್ತವೆ. ಅನೇಕವು ಪರವಾನಗಿ ಪಡೆದ ವೈದ್ಯಾಲಯಗಳಲ್ಲ ಎಂಬ ಆಕ್ಷೇಪವೂ ಇದೆ. ಆ ವಿವಾದದಲ್ಲಿ ಯಾರ ನಿಲುವು ಏನೇ ಇರಲಿ, ಹಣ ಸಾರ್ವಜನಿಕರದಾದ ಮೇಲೆ ಲೆಕ್ಕವೂ ಸಾರ್ವಜನಿಕವಾಗಿರಬೇಕು. ಇಲ್ಲವಾದರೆ ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬಂತಾದೀತು.

ಮಿಸೌರಿಯ ಅದೇ ಶಾಸನವು 2021ರ ಜುಲೈಯಿಂದ ಆರಂಭವಾಗುವ ಆರ್ಥಿಕ ವರ್ಷಗಳಿಗೆ ಇಂಥ ವಜಾದ ಒಟ್ಟು ಮಿತಿಯನ್ನೂ ತೆಗೆದುಹಾಕಿತು. ಇದು ವಿವೇಕದ ಕ್ರಮವಲ್ಲ. ಅನುದಾನವಾದರೆ ಮುಂಗಡಪತ್ರದಲ್ಲಿ ಕಾಣುತ್ತದೆ, ಸದನದಲ್ಲಿ ಚರ್ಚೆಗೆ ಬರುತ್ತದೆ. ಮಿತಿಯಿಲ್ಲದ ವಜಾ ಸದ್ದಿಲ್ಲದೆ ಬೆಳೆಯುತ್ತದೆ. ಮಿಸಿಸಿಪಿ ರಾಜ್ಯ 2022ರಲ್ಲಿ ವಾರ್ಷಿಕ 35 ಲಕ್ಷ ಡಾಲರ್ ಮಿತಿಯನ್ನಿಟ್ಟು ಇಂತಹುದೇ ಯೋಜನೆ ತಂದಿತು. ಮರುವರ್ಷ ಅದನ್ನು 1 ಕೋಟಿ ಡಾಲರಿಗೆ ಏರಿಸಿದರೂ ಮಿತಿಯನ್ನು ಕೈಬಿಡಲಿಲ್ಲ. ರಾಜ್ಯದ ಕ್ರೆಡಿಟ್ ಪಡೆದಷ್ಟು ಮೊತ್ತವನ್ನು ಒಕ್ಕೂಟದ ತೆರಿಗೆಯಲ್ಲಿ ಸಾಮಾನ್ಯವಾಗಿ ಮತ್ತೆ ದಾನವೆಂದು ತೋರಿಸುವಂತಿಲ್ಲವೆಂದು ಅಮೆರಿಕದ ತೆರಿಗೆ ಇಲಾಖೆ 2019ರಲ್ಲಿ ನಿಯಮ ಮಾಡಿತು, ಶೇ. 15ನ್ನು ಮೀರದ ಕ್ರೆಡಿಟ್‌ಗೆ ವಿನಾಯಿತಿ ಇತ್ತಿತು. ಮರಳಿ ಬಂದದ್ದು ದಾನವಲ್ಲ ಎಂಬ ತತ್ತ್ವ ಅದರಲ್ಲಿದೆ.

ಸಣ್ಣ ಉದ್ಯಮಿಗೆ ಇಲ್ಲಿ ಇನ್ನೊಂದು ಮಾತೂ ಮುಖ್ಯ. ತೆರಿಗೆ ಹೆಚ್ಚಿದ್ದವನಿಗಷ್ಟೇ ವಜಾ ಹೆಚ್ಚು. ಯಾವ ಸೇವೆಗೆ ಸರ್ಕಾರದ ಹಣ ಸಲ್ಲಬೇಕೆಂಬ ತೀರ್ಮಾನ ಹೀಗೆ ದೊಡ್ಡ ತೆರಿಗೆದಾರರ ಕೈಗೆ ಹೋಗುತ್ತದೆ. ಕಡಿಮೆಬಿದ್ದ ವರಮಾನವನ್ನು ತುಂಬಿಕೊಡುವ ಹೊರೆ ಎಲ್ಲರ ಮೇಲೂ ಬೀಳುತ್ತದೆ.

ಆದ್ದರಿಂದ ದಾನವನ್ನು ಪ್ರೋತ್ಸಾಹಿಸುವ ಯಾವುದೇ ಸರ್ಕಾರ ಮೂರು ಅಂಶಗಳನ್ನು ಪಾಲಿಸುವುದು ಉಚಿತ: ವಾರ್ಷಿಕ ಮಿತಿ, ಕಡ್ಡಾಯ ಲೆಕ್ಕಪರಿಶೋಧನೆ, ಒದಗಿಸಿದ ಸೇವೆಗಳ ಬಹಿರಂಗ ವರದಿ. ದಾನಿಯೂ ತನ್ನ ಪಾಲನ್ನು ಗಣನೀಯವಾಗಿ ಭರಿಸಿದಾಗಲೇ ಅದು ದಾನವೆನಿಸೀತು.