ಬೋರ್ಡು ಹಳೆಯದು, ಒಳಗಿನ ಮಾಲು ಯಾವುದು?

ಅಣ್ಣ-ತಮ್ಮ ಬೇರೆಯಾದರೆ ಅಂಗಡಿ ಭಾಗವಾಗುತ್ತದೆ. ಗಲ್ಲಾ ಭಾಗವಾಗುತ್ತದೆ, ತಕ್ಕಡಿ ಭಾಗವಾಗುತ್ತದೆ, ಉದ್ದರಿ ಪುಸ್ತಕವೂ ಭಾಗವಾಗುತ್ತದೆ. ಕೊನೆಗೆ ಜಗಳ ಹತ್ತುವುದು ಬೋರ್ಡಿಗೆ. ಅಪ್ಪನ ಹೆಸರಿನ ಬೋರ್ಡು ಯಾರ ಪಾಲಿಗೆ? ಯಾಕೆಂದರೆ ಗಿರಾಕಿ ಬರೋದೇ ಆ ಬೋರ್ಡು ನೋಡಿಕೊಂಡು. ಬೇಳೆಯಲ್ಲಿ ಕಲ್ಲು ಸಿಕ್ಕಿದರೆ ಬೈಯೋದೂ ಆ ಬೋರ್ಡನ್ನೇ.

ಸಿನಿಮಾ ವ್ಯಾಪಾರವೂ ಇದಕ್ಕಿಂತ ಬೇರೆಯಲ್ಲ. ಒಂದು ಪಿಕ್ಚರ್ ಓಡಿದರೆ ಸಾಕು, ಅದೇ ಹೆಸರಿಗೆ ಎರಡು, ಮೂರು ಅಂತ ನಂಬರು ಹಾಕಿ ಅಂಗಡಿ ತೆರೆಯುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಮೆರಿಕದ ನಡೆದಾಡುವ ಹೆಣಗಳ ಚಿತ್ರಗಳ ಚರಿತ್ರೆ ಇದಕ್ಕೆ ಒಳ್ಳೇ ಪಾಠ. ಹೆಣದ ಪಿಕ್ಚರಿಂದ ಎಂಥ ಪಾಠ ಸ್ವಾಮಿ ಎಂದು ನಗುವವರು ಬಸ್ಸು ಬರುವ ತನಕ ಓದಿ ನೋಡಲಿ.

ಮನೆ ಪಾಲಾದದ್ದು ಹೀಗೆ

ಜಾರ್ಜ್ ರೊಮೆರೊ ಎಂಬ ನಿರ್ದೇಶಕ ಪಿಟ್ಸ್‌ಬರ್ಗ್ ಊರಿನ ಗೆಳೆಯರನ್ನು ಕಟ್ಟಿಕೊಂಡು 1968ರಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದ. ಕಪ್ಪು-ಬಿಳುಪು ಚಿತ್ರ. ಖರ್ಚು ಸುಮಾರು 1 ಲಕ್ಷ 14 ಸಾವಿರ ಡಾಲರು. ಹಾಲಿವುಡ್ ಲೆಕ್ಕದಲ್ಲಿ ಅದು ಬೀಡಿ-ಬೆಂಕಿಪೊಟ್ಟಣದ ಕಾಸು. ಆದರೆ ಪಿಕ್ಚರ್ ಓಡಿತು ನೋಡಿ, ಓಡಿತು! ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಇವತ್ತಿನ ಜಾಂಬಿ ಕಥೆಗಳಿಗೆಲ್ಲ ಅದೇ ಮೂಲಪುರುಷ.

ಆದರೆ ಮಾಡಿದವರ ಕೈಗೆ ದಕ್ಕಿದ್ದು ಕಡಿಮೆ. ಹಂಚಿಕೆದಾರರು ಕೊನೇ ಗಳಿಗೆಯಲ್ಲಿ ಹೆಸರು ಬದಲಿಸಿದರು. ಹೊಸ ಟೈಟಲ್ಲಿನ ಮೇಲೆ ಹಕ್ಕುಸ್ವಾಮ್ಯದ ಒಂದು ಸಾಲು ಹಾಕುವುದು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದಿದ್ದರೆ ಹಕ್ಕೂ ಇಲ್ಲ. ಬಾವಿ ತೋಡಿದವರು ಇವರು, ಸೇದಿಕೊಂಡವರು ಊರೆಲ್ಲ.

ಮುಂದೆ ರೊಮೆರೊ ಮತ್ತು ಜೊತೆಗೆ ಕಥೆ ಬರೆದ ಜಾನ್ ರೂಸೊ ಬೇರೆಯಾದರು. ‘ಲಿವಿಂಗ್ ಡೆಡ್’ ಎಂಬ ಬೋರ್ಡು ರೂಸೊ ಪಾಲಿಗೆ ಹೋಯಿತು. ರೊಮೆರೊ ತನ್ನ ದಾರಿಯಲ್ಲಿ ಬರೀ ‘ಡೆಡ್’ ಇಟ್ಟುಕೊಂಡು ನಡೆದ. 1978ರಲ್ಲಿ ‘ಡಾನ್ ಆಫ್ ದಿ ಡೆಡ್’ ಬಂತು. ಪೆನ್ಸಿಲ್ವೇನಿಯಾದ ಮನ್ರೋವಿಲ್ ಎಂಬಲ್ಲಿನ ದೊಡ್ಡ ಶಾಪಿಂಗ್ ಮಾಲಿನಲ್ಲಿ, ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ, ರಾತ್ರಿಯೆಲ್ಲ ಕೂತು ತೆಗೆದ ಚಿತ್ರ. ಸತ್ತ ಜನ ಬದುಕಿದ್ದಾಗಿನ ಅಭ್ಯಾಸಬಲದಿಂದ ಮಾಲಿಗೇ ವಾಪಸು ಬರುತ್ತಾರೆ. ಸತ್ತರೂ ಶಾಪಿಂಗ್ ಬಿಡಲಿಲ್ಲ! ಪ್ರೇಕ್ಷಕ ಹೆದರಿದ, ನಕ್ಕ, ದುಡ್ಡು ಸುರಿದ. ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕಿ ಹದಿನೈದು ನಿಮಿಷಕ್ಕೇ ಎದ್ದು ಹೋದರು, ಹೋದದ್ದನ್ನು ತಾವೇ ಬರೆದರು. ಶಿಕಾಗೊದ ರೋಜರ್ ಎಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು.

ಅರ್ಧ ದುಡ್ಡು, ಪೂರ್ತಿ ಹಟ

ಮೂರನೆಯದು ‘ಡೇ ಆಫ್ ದಿ ಡೆಡ್’, 1985ರದ್ದು. ಇಲ್ಲಿದೆ ನಿಜವಾದ ಕಥೆ.

ಅಮೆರಿಕದಲ್ಲಿ ಚಿತ್ರಕ್ಕೆ ದರ್ಜೆ ಕೊಡುವುದು ಸರಕಾರವಲ್ಲ, ಚಿತ್ರೋದ್ಯಮವೇ ಕಟ್ಟಿಕೊಂಡ ಸಂಸ್ಥೆ. ‘ಆರ್’ ದರ್ಜೆ ಸಿಕ್ಕರೆ ಹುಡುಗರು ದೊಡ್ಡವರ ಜೊತೆ ಬರಬಹುದು. ಅದಕ್ಕಿಂತ ಮೇಲೆ ಹೋದರೆ, ಇಲ್ಲವೇ ದರ್ಜೆಯೇ ಬೇಡವೆಂದು ಬಿಡುಗಡೆ ಮಾಡಿದರೆ, ಎಷ್ಟೋ ಟಾಕೀಸಿನವರು ಚಿತ್ರ ಹಾಕುವುದಿಲ್ಲ, ಪತ್ರಿಕೆಯವರು ಜಾಹೀರಾತು ತಗೊಳ್ಳೋದಿಲ್ಲ. ದುಡ್ಡು ಹಾಕುವವರು ರೊಮೆರೊಗೆ ನೇರ ಲೆಕ್ಕ ಇಟ್ಟರು. ರಕ್ತ ಕಡಿಮೆ ಮಾಡಿ ‘ಆರ್’ ತಂದರೆ ಸುಮಾರು 70 ಲಕ್ಷ ಡಾಲರು. ಇಲ್ಲವಾದರೆ 35 ಲಕ್ಷ.

ಆಸಾಮಿ ಅರ್ಧ ದುಡ್ಡು ಹಿಡಿದ, ಕತ್ತರಿ ಒಪ್ಪಲಿಲ್ಲ. ತರಬೇತಾದ ಹೆಣಗಳ ಸೈನ್ಯ ಇತ್ಯಾದಿ ಇದ್ದ ದೊಡ್ಡ ಕಥೆಯನ್ನು ಬದಿಗಿಟ್ಟು ಸಣ್ಣದು ಬರೆದ. ವಾಂಪಮ್ ಎಂಬಲ್ಲಿನ ಹಳೇ ಸುಣ್ಣಕಲ್ಲಿನ ಗಣಿಯೊಳಗೆ ಚಿತ್ರೀಕರಣ. ಹೆಣಗಳಾಗಿ ನಡೆದ ಜನರಿಗೆ ಸಂಬಳ ಎಷ್ಟು ಗೊತ್ತೇ? ಒಂದು ಡಾಲರು, ಒಂದು ಟೋಪಿ, ಚಿತ್ರದಲ್ಲಿ ಬಳಸಿದ ಪತ್ರಿಕೆಯ ಒಂದು ಪ್ರತಿ. ಆದರೂ ಜನ ಸಾಲುಗಟ್ಟಿ ಬಂದರು. ಟಾಮ್ ಸವೀನಿಯ ಮೇಕಪ್ಪು ಎಂಥದ್ದೆಂದರೆ ಇವತ್ತಿಗೂ ಆ ಕಸುಬಿನವರು ಅದನ್ನು ಎತ್ತಿ ಹೇಳುತ್ತಾರೆ. ಆ ಕೆಲಸಕ್ಕೆ ಆತನಿಗೆ ಸ್ಯಾಟರ್ನ್ ಪ್ರಶಸ್ತಿ ಬಂತು.

ಆದರೆ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಅಮೆರಿಕದಲ್ಲಿ ಸುಮಾರು 58 ಲಕ್ಷ ಡಾಲರು, ಅಷ್ಟೇ. ಮುಂದಿನ ತಿಂಗಳೇ ರೂಸೊ ಪಾಲಿನ ಬೋರ್ಡು ಹೊತ್ತು ‘ದಿ ರಿಟರ್ನ್ ಆಫ್ ದಿ ಲಿವಿಂಗ್ ಡೆಡ್’ ಬಂತು, ಸುಮಾರು 1 ಕೋಟಿ 42 ಲಕ್ಷ ಬಾಚಿತು. ಅದು ತಮಾಷೆ ಚಿತ್ರ. ಹೆಣಗಳು ಓಡುತ್ತವೆ, ಮೆದುಳು ಬೇಕೆಂದು ಕೂಗುತ್ತವೆ. ರೊಮೆರೊನ ಚಿತ್ರದಲ್ಲೋ ನೆಲದಡಿ ಸಿಕ್ಕಿಬಿದ್ದ ವಿಜ್ಞಾನಿಗಳೂ ಸಿಪಾಯಿಗಳೂ ಗಂಟಲು ಹರಿಯುವ ಹಾಗೆ ಜಗಳ ಆಡುತ್ತಾರೆ. ಹಿಂದಿನದಕ್ಕೆ ನಾಲ್ಕು ನಕ್ಷತ್ರ ಕೊಟ್ಟ ಎಬರ್ಟ್ ಇದಕ್ಕೆ ಕೊಟ್ಟದ್ದು ಒಂದೂವರೆ.

ಪ್ರೇಕ್ಷಕ ತಪ್ಪು ಮಾಡಿದನೇ? ಹಾಗೆ ಹೇಳುವುದು ಅನ್ಯಾಯ. ಮಾಲಿನ ಮಜಾ ನೆನೆಸಿಕೊಂಡು ಟಿಕೆಟ್ ತೆಗೆದವನಿಗೆ ಕತ್ತಲೆ ಗವಿ, ಬೈಗುಳ, ಬೇಸರ ಸಿಕ್ಕಿತು. ಮೈಸೂರುಪಾಕಿಗೆ ದುಡ್ಡು ಕೊಟ್ಟೋನಿಗೆ ಹಾಗಲಕಾಯಿ ಗೊಜ್ಜು ಬಡಿಸಿದರೆ, ಗೊಜ್ಜು ಎಷ್ಟೇ ಚೆನ್ನಾಗಿದ್ದರೂ ಮುಖ ಹುಳಿಯಾಗುತ್ತದೆ.

ಹೋದ ಗಿರಾಕಿ ತಿರುಗಿ ಬಂದ

ಆಮೇಲೆ ವಿಡಿಯೋ ಕ್ಯಾಸೆಟ್ಟು ಬಂತು. ಬಾಡಿಗೆಗೆ ತಂದು ಮನೆಯಲ್ಲಿ ಹಾಕಿಕೊಂಡ ಜನ ಎರಡನೇ ಸಲ ನೋಡಿದರು. ಆಗ ಕಣ್ಣಿಗೆ ಬಿದ್ದವನು ಬಬ್.

ಬಬ್ ಒಂದು ಹೆಣ. ಗೋಡೆಗೆ ಸರಪಳಿ ಹಾಕಿ ಕಟ್ಟಿದ್ದಾರೆ. ಲೋಗನ್ ಎಂಬ ಡಾಕ್ಟರು ಅವನಿಗೆ ಮಗುವಿಗೆ ಕಲಿಸಿದ ಹಾಗೆ ಕಲಿಸುತ್ತಾನೆ. ಬಬ್ ಟೆಲಿಫೋನ್ ಎತ್ತುತ್ತಾನೆ, ಪುಸ್ತಕ ತಿರುವುತ್ತಾನೆ, ಕಿವಿಗೆ ಹಾಕಿದ ಬೀಥೋವನ್ ಸಂಗೀತ ಕೇಳಿ ಬೆರಗಾಗುತ್ತಾನೆ, ಸಮವಸ್ತ್ರದ ಕ್ಯಾಪ್ಟನ್ನನ್ನು ಕಂಡು ಸಲಾಮು ಹೊಡೆಯುತ್ತಾನೆ. ಬದುಕಿರುವ ಕ್ಯಾಪ್ಟನ್ ಸಲಾಮು ವಾಪಸು ಕೊಡೋದಿಲ್ಲ. ಕೊನೆಗೆ ಆ ಡಾಕ್ಟರನ್ನು ಗುಂಡಿಟ್ಟು ಕೊಲ್ಲುವುದೂ ಆ ಕ್ಯಾಪ್ಟನ್ನೇ. ತನ್ನ ಗುರುವಿನ ಹೆಣ ಕಂಡು ಗೋಳಾಡುವವನು ಬಬ್. ಬದುಕಿದವರಲ್ಲಿ ಇಲ್ಲದ ಮನುಷ್ಯತ್ವ ಸತ್ತವನಲ್ಲಿ ಕಂಡಿತು. ಬಬ್ ವೇಷದ ಶೆರ್ಮನ್ ಹೋವರ್ಡ್ ಒಂದು ನೆಟ್ಟಗಿನ ವಾಕ್ಯ ಆಡದೆ ಜನರ ಮನಸ್ಸು ಗೆದ್ದ.

ಹೀಗೆ ಹೋದ ಗಿರಾಕಿ ತಿರುಗಿ ಬಂದ. ಬಿದ್ದುಹೋದ ಚಿತ್ರ ಎಂದವರೇ ಮೂರರಲ್ಲಿ ಇದೇ ಗಟ್ಟಿ ಎಂದು ವಾದಿಸುವ ಮಟ್ಟ ಮುಟ್ಟಿತು. ರೊಮೆರೊ ಸ್ವತಃ ಮೂರರಲ್ಲಿ ತನಗೆ ಇದೇ ಇಷ್ಟ ಎನ್ನುತ್ತಿದ್ದ. 2017ರಲ್ಲಿ ಆತ ತೀರಿಕೊಂಡಾಗ ಜನ ನೆನೆಸಿಕೊಂಡ ಚಿತ್ರಗಳಲ್ಲಿ ಇದೂ ಸೇರಿತ್ತು. ಸವೀನಿಯ ಕೈಕೆಳಗೆ ಅಲ್ಲಿ ದುಡಿದ ಗ್ರೆಗ್ ನಿಕೊಟೆರೊ ಎಂಬ ಹುಡುಗ ಮುಂದೆ 2010ರಲ್ಲಿ ಶುರುವಾದ ‘ದಿ ವಾಕಿಂಗ್ ಡೆಡ್’ ಟಿ.ವಿ. ಧಾರಾವಾಹಿಯ ಹೆಣಗಳನ್ನೆಲ್ಲ ಸಿಂಗರಿಸಿದ.

ಬರೀ ಬೋರ್ಡಿನ ಅಂಗಡಿ

ಇಲ್ಲಿಗೇ ಮುಗಿದಿದ್ದರೆ ಸುಖಾಂತ. ಆದರೆ ಬೋರ್ಡಿಗೆ ಬೆಲೆ ಬಂದಮೇಲೆ ಕೈ ಸುಮ್ಮನಿರುತ್ತದೆಯೇ? 2005ರಲ್ಲಿ ‘ಡೇ ಆಫ್ ದಿ ಡೆಡ್ 2: ಕಂಟೇಜಿಯಂ’ ಎಂಬ ಚಿತ್ರ ನೇರ ಡಿವಿಡಿಗೆ ಬಂತು. ರೊಮೆರೊ ಅದರಲ್ಲಿ ಇಲ್ಲ. ಬಬ್ ಇಲ್ಲ, ಗಣಿ ಇಲ್ಲ, ಹಳೇ ಕಥೆಯ ಎಳೆಯೂ ಇಲ್ಲ. 1968ರಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ಆದ ಅನಾಹುತದ ರೋಗ ಎಷ್ಟೋ ವರ್ಷದ ಮೇಲೆ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಅಂಟುತ್ತದೆ ಎಂಬುದು ಕಥೆ. ಹೆಸರಿನ ಹಕ್ಕು ಕೈಯಲ್ಲಿತ್ತು, ಹಾಗಾಗಿ ‘2’ ಎಂದು ಬರೆದರು.

ನೋಡಿದವರು ಸುಮ್ಮನೆ ಬಿಡಲಿಲ್ಲ, ಉಗಿದರು. ಸಿಟ್ಟು ಕಡಿಮೆ ಬಜೆಟ್ಟಿನ ಮೇಲಲ್ಲ. 1968ರ ಚಿತ್ರಕ್ಕೆ ಎಷ್ಟಿತ್ತು ಬಜೆಟ್ಟು? ಸಿಟ್ಟು ಬೋರ್ಡಿನ ಮೇಲೆ. ಬೇರೆ ಹೆಸರಲ್ಲಿ ಬಂದಿದ್ದರೆ ಹತ್ತರಲ್ಲಿ ಹನ್ನೊಂದನೆಯದು ಎಂದು ಮರೆತುಬಿಡುತ್ತಿದ್ದರು. ಆ ಹೆಸರಲ್ಲಿ ಬಂದದ್ದಕ್ಕೆ ಮೋಸ ಎಂದರು. 1985ರ ಚಿತ್ರಕ್ಕೆ ಕಾಲ ಕಳೆದಂತೆ ಮರ್ಯಾದೆ ಬಂತು. ಇದಕ್ಕೆ ಇವತ್ತಿಗೂ ಬಂದಿಲ್ಲ.

ಹಳೇ ಬೋರ್ಡು ಹೊತ್ತು ಬೇರೆ ಮಾಲು ಮಾರುವುದೇ ತಪ್ಪು ಎಂದೇನಲ್ಲ. ‘ರಿಟರ್ನ್’ ಮಾಡಿದ್ದೂ ಅದನ್ನೇ. ಆದರೆ ಅದು ಹಳೇ ಚಿತ್ರವನ್ನು ಕಥೆಯೊಳಗೇ ಎಳೆದು ತಂದು, ನಮ್ಮದು ಬೇರೆ ಕಣಪ್ಪಾ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ ನಗಿಸಿತು. ಗಿರಾಕಿಗೆ ತಾನೇನು ಕೊಳ್ಳುತ್ತಿದ್ದೇನೆಂದು ಗೊತ್ತಿತ್ತು.

ತೂಕದ ಮಾತು

ಕಾಸು ಕಡಿಮೆ ಎಂಬುದನ್ನು ಪ್ರೇಕ್ಷಕ ಕ್ಷಮಿಸುತ್ತಾನೆ. ಸೆಟ್ಟು ಅಲ್ಲಾಡಲಿ, ಬಣ್ಣ ಕಿತ್ತು ಬರಲಿ, ನಟರು ಅರಚಲಿ, ಇವತ್ತಲ್ಲದಿದ್ದರೆ ಹತ್ತು ವರ್ಷದ ಮೇಲಾದರೂ ಕ್ಷಮಿಸುತ್ತಾನೆ. ತಕ್ಕಡಿಯಲ್ಲಿ ಬೆರಳಿಟ್ಟದ್ದನ್ನು ಮಾತ್ರ ಕ್ಷಮಿಸೋದಿಲ್ಲ. ರೊಮೆರೊ ಅರ್ಧ ದುಡ್ಡಿಗೆ ಇಳಿದ, ತೂಕ ಇಳಿಸಲಿಲ್ಲ. ಅದಕ್ಕೆ ಆತ ಕೊಟ್ಟ ಬೆಲೆ ಸಣ್ಣದಲ್ಲ. ‘ಡೇ’ ಬಿದ್ದಮೇಲೆ ಹೆಣಗಳ ಮುಂದಿನ ಚಿತ್ರ ತೆಗೆಯಲು ಆತನಿಗೆ ಇಪ್ಪತ್ತು ವರ್ಷ ಹಿಡಿಯಿತು. ‘ಲ್ಯಾಂಡ್ ಆಫ್ ದಿ ಡೆಡ್’ ಬಂದದ್ದು 2005ರಲ್ಲಿ. ಅದೇ ವರ್ಷ, ಆತನ ಬೋರ್ಡು ಹೊತ್ತು ಆ ‘2’ ಕೂಡ ಬಂತು. ಗಿರಾಕಿ ಎರಡನ್ನೂ ನೋಡಿದ. ಯಾವುದು ಅಂಗಡಿ, ಯಾವುದು ಬರೀ ಬೋರ್ಡು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನೋಡುವವರಿಗೂ ಒಂದು ಮಾತು ಉಂಟು. ಮೊದಲ ಶುಕ್ರವಾರದ ಮ್ಯಾಟಿನಿಗೆ ಡಬ್ಬಾ ಎಂದು ಹೇಳುವ ಹಕ್ಕು ಟಿಕೆಟ್ ಕೊಂಡವನಿಗೆ ಖಂಡಿತ ಇದೆ. ಆದರೆ ಅವತ್ತೇ ಖಾತೆ ಮುಚ್ಚುವುದು ಬೇಡ. ಕೆಲವು ಸರಕು ಕೊಂಡ ದಿನ ಕಹಿ, ಇಟ್ಟು ತಿಂದರೆ ರುಚಿ.