ಪಿತ್ರಾರ್ಜಿತವಾದ ವೇಗ

ನಮ್ಮ ತಿರುಮಣಿಯ ಗೃಹಸ್ಥರೊಬ್ಬರು ಮೊನ್ನೆ ಸಂಜೆ ಜಗಲಿಗೆ ಬಂದು ಕುಳಿತರು. ಇಲ್ಲಿಯ ಸೌರವಿದ್ಯುತ್ ಕ್ಷೇತ್ರವನ್ನು ಕಟ್ಟುವಾಗ ಲಾರಿಯಲ್ಲಿ ಗಾಜಿನ ಫಲಕಗಳನ್ನು ಸಾಗಿಸಿದವರು. ಮಗನು ತಾನೂ ಲಾರಿಯನ್ನೇ ನಡೆಸುವೆನೆಂದು ಹಟ ತೊಟ್ಟಿರುವನಂತೆ. “ಮೇಷ್ಟರೇ, ಬೇಡವೆನ್ನಲೇ, ಬೀಗದ ಕೈ ಕೊಡಲೇ?” ಎಂದರು. ಒಡನೆ ಉತ್ತರ ತೋಚದೆ, ಅಮೆರಿಕದ ಪೆಟ್ಟಿ ಮನೆತನದ ವೃತ್ತಾಂತವನ್ನು ಹೇಳಿದೆನು. ವಾಚಕ ಮಹಾಶಯರಿಗೂ ಅದನ್ನೇ ನಿವೇದಿಸುತ್ತೇನೆ.

ಆ ದೇಶದಲ್ಲಿ ಸ್ಟಾಕ್ ಕಾರ್ ಪಂದ್ಯವೆಂಬುದೊಂದುಂಟು. ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದಾದ ಮೋಟಾರನ್ನೇ ಪಂದ್ಯಕ್ಕಿಳಿಸುವುದು ಅದರ ಮೂಲನಿಯಮ. ಕಾಲಕ್ರಮದಲ್ಲಿ ಹೊರಗಿನ ಹೋಲಿಕೆಯಷ್ಟೇ ಉಳಿಯಿತು. 1949ರಲ್ಲಿ ನಾಸ್ಕಾರ್ ಸಂಸ್ಥೆಯವರು ಶಾರ್ಲೆಟ್ ಪಟ್ಟಣದಲ್ಲಿ ನಡೆಸಿದ ಇಂತಹ ಮೊದಲ ಪಂದ್ಯದಲ್ಲಿ ಲೀ ಪೆಟ್ಟಿಯು ಎರವಲು ತಂದ ಬ್ಯೂಯಿಕ್ ಗಾಡಿಯನ್ನು ಉರುಳಿಸಿಕೊಂಡನು. ಆತನೇ 1959ರಲ್ಲಿ ಡೇಟೋನಾದ 500 ಮೈಲಿಯ ಪ್ರಥಮ ಪಂದ್ಯವನ್ನು ಗೆದ್ದನು. ಛಾಯಾಚಿತ್ರಗಳನ್ನು ಪರಿಶೀಲಿಸಿ ತೀರ್ಪು ಕೊಡಲು ಮೂರು ದಿನ ಹಿಡಿಯಿತು.

ಅದೇ ವರ್ಷ ಜಾರ್ಜಿಯಾ ಪ್ರಾಂತದ ಲೇಕ್‌ವುಡ್ಡಿನಲ್ಲಿ ಅವನ ಮಗ ರಿಚರ್ಡನು ಗೆದ್ದನೆಂದು ಸಾರಿದರು. 21 ವರ್ಷದ ಹುಡುಗನ ಮೊದಲ ಗೆಲುವು! ಸುತ್ತುಗಳ ಲೆಕ್ಕ ತಪ್ಪಿದೆಯೆಂದು ಆಕ್ಷೇಪಣೆ ಮಾಡಿದವನು ತಂದೆಯೇ. ಎಣಿಸಿ ನೋಡಲಾಗಿ ಅವನ ಮಾತು ದಿಟವಾಗಿ, ಗೆಲುವು ತಂದೆಯ ಪಾಲಾಯಿತು. ಮಗನಿಂದ ಸೋಲನ್ನು ಬಯಸಬೇಕೆಂಬುದು ನಮ್ಮ ಹಿರಿಯರ ಮತ. ಲೀ ಪೆಟ್ಟಿಗೆ ಅದು ಒಪ್ಪಿಗೆಯಾಗಲಿಲ್ಲ. ಮೊದಲು ಓದಿದಾಗ ನನಗೆ ಇದು ಕಠೋರವೆನಿಸಿತು. ಆದರೆ ಬಹುಕಾಲ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದವನಾದುದರಿಂದ, ಕನಿಕರದಿಂದ ಹಾಕಿದ ಅಂಕವು ಯಾರಿಗೂ ದಕ್ಕದೆಂಬುದನ್ನೂ ಬಲ್ಲೆನು.

1961ರಲ್ಲಿ ಡೇಟೋನಾದ ತಡೆಬೇಲಿಯನ್ನು ಭೇದಿಸಿ ಲೀಯ ಗಾಡಿಯು ಹೊರಬಿದ್ದಿತು. ಘೋರವಾಗಿ ಗಾಯಗೊಂಡ ಆತನು ಆಮೇಲೆ ಪಂದ್ಯಕ್ಕಿಳಿದುದು ಅಪರೂಪ. ಮಗನು ಮಾತ್ರ 200 ಪಂದ್ಯಗಳನ್ನೂ ಏಳು ಸಲ ವರ್ಷದ ಪ್ರಶಸ್ತಿಯನ್ನೂ ಗೆದ್ದನು. 200ನೆಯದು 1984ರ ಜುಲೈ 4ರಂದು, ಅಧ್ಯಕ್ಷ ರೇಗನ್ನರ ಸಮಕ್ಷಮದಲ್ಲಿ. ರಿಚರ್ಡನ ಮಗ ಕೈಲನಿಗೆ ಎಂಟೇ ಗೆಲುವುಗಳು. ಕೈಲನ ಮಗನೇ ಆಡಮ್, ನಾಲ್ಕನೆಯ ತಲೆ.

2000ದ ಏಪ್ರಿಲ್ 2ರಂದು ಆಡಮನು ಟೆಕ್ಸಸ್ಸಿನಲ್ಲಿ ಉನ್ನತ ದರ್ಜೆಯ ಪಂದ್ಯಕ್ಕೆ ಮೊದಲ ಸಲ ಇಳಿದನು. ಮೂರನೆಯ ದಿನ ಮುತ್ತಾತ ಲೀ ತೀರಿಕೊಂಡನು. ಮೇ 12ರಂದು ನ್ಯೂ ಹ್ಯಾಂಪ್‌ಷೈರಿನಲ್ಲಿ ಅಭ್ಯಾಸಮಾಡುತ್ತಿರುವಾಗ ಹುಡುಗನ ಗಾಡಿ ಗೋಡೆಗೆ ಬಡಿಯಿತು. ಅವನಿಗೆ ಆಗ 19 ವರ್ಷ. ಎರಡು ತಿಂಗಳೊಳಗೆ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್ ಎಂಬ ಇನ್ನೊಬ್ಬನೂ ಮಡಿದನು. ಎಂಜಿನನ್ನು ಕೈಯಳತೆಯಲ್ಲೇ ನಿಲ್ಲಿಸುವ ಗುಂಡಿಯನ್ನು ಅನಂತರವೇ ಕಡ್ಡಾಯಮಾಡಿದರು. ಇಂತಹ ಬುದ್ಧಿ ಎಲ್ಲೆಲ್ಲಿಯೂ ತಡವಾಗಿಯೇ ಬರುವುದಷ್ಟೆ!

ವ್ಯಾಧಿಪೀಡಿತ ಮಕ್ಕಳಿಗೆ ಒಂದು ವಿಹಾರಸ್ಥಾನವಿರಬೇಕೆಂಬುದು ಆಡಮನ ಆಸೆಯಾಗಿತ್ತು. ತಂದೆತಾಯಿಗಳು ಅದನ್ನು ಉತ್ತರ ಕೆರೊಲಿನಾದ ರ‍್ಯಾಂಡಲ್‌ಮನ್ನಿನಲ್ಲಿ ಕಟ್ಟಿಸಿ 2004ರಲ್ಲಿ ತೆರೆದರು.

ಗೃಹಸ್ಥರು ಕೇಳಿದ್ದು ಒಂದೇ ಮಾತು: “ಆ ತಂದೆ ಆಮೇಲೆ ಗಾಡಿ ಮುಟ್ಟಿದನೇ?”

ಮುಟ್ಟಿದನು. ತನ್ನ ಸಂಖ್ಯೆಯನ್ನು ಬಿಟ್ಟು, ಮಗನ 45ನ್ನು ಗಾಡಿಯ ಮೇಲೆ ಬರೆಸಿಕೊಂಡು 2008ರವರೆಗೂ ಓಡಿಸಿದನು. ಹೀಗೆಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ನಾಳೆ ಮಗನನ್ನೂ ಕರೆತರುವೆನೆಂದು ಹೇಳಿ ಎದ್ದರು.